ನಾವು ನಾಲ್ಕು ಜನ, ನೀನೊಬ್ಬಳು

ಮುಂಬಯಿಯಲ್ಲಿ ಇರುವವರು ಮುಂಬಯಿ ನೋಡುವುದು ಊರಿನಿಂದ ನೆಂಟರು ಬಂದಾಗ ಮಾತ್ರ. ಚೆಂಬೂರಿನ ನಮ್ಮ ಕಾಲನಿಯಲ್ಲಿ ಇದು ಎಲ್ಲರ ಮನೆಯ ಕಥೆ. ಏಪ್ರಿಲ್ ಬಂತೆಂದರೆ ಮೈಸೂರು, ಬೆಂಗಳೂರು, ಹಾಸನದ ಜನ ಬಂದು ನಮ್ಮ ಹಾಲಿನಲ್ಲಿ ಹೋಲ್ಡಾಲ್ ಬಿಚ್ಚುತ್ತಿದ್ದರು. ಅವರಿಗೆ ಸಮುದ್ರ ತೋರಿಸಬೇಕು, ಮೀನಿನ ಮನೆ ತೋರಿಸಬೇಕು, ರಾಣಿ ಬಾಗ್ ಝೂನ ಆನೆ ತೋರಿಸಬೇಕು. ಅವರನ್ನು ರೈಲು ಹತ್ತಿಸಿದ ಮರುದಿನದಿಂದ ನಮಗೆ ಮತ್ತೆ ಶಾಲೆ, ರೇಷನ್ ಅಂಗಡಿ. ಹಾಗಾಗಿ ಹನ್ನೊಂದನೆಯ ವಯಸ್ಸಿಗೇ ರಾಣಿ ಬಾಗ್ ನನಗೆ ಬಾಯಿಪಾಠವಾಗಿತ್ತು. ಬೊರಿವಲಿಯ ಸಿಂಹದ ಸಫಾರಿ ಮಾತ್ರ ನಾನು ನೋಡಿರಲಿಲ್ಲ. ಮೂರು ರೈಲು ಬದಲಿಸಿ ಅಷ್ಟು ದೂರ ಹೋಗುವ ಉಮೇದು ಯಾವ ನೆಂಟರಿಗೂ ಇರಲಿಲ್ಲ.

ಎಂಬತ್ತರ ದಶಕದ ನಡುವಿನ ಆ ಬೇಸಿಗೆಯಲ್ಲಿ ಬಂದವರು ಬೆಂಗಳೂರಿನ ಚಿಕ್ಕಮ್ಮ, ಅಂದರೆ ಅಮ್ಮನ ತಂಗಿ, ಚಿಕ್ಕಪ್ಪ, ಹದಿಮೂರು ವರ್ಷದ ಅವರ ಮಗಳು, ಎಂಟು ವರ್ಷದ ಮಗ. ನಾನು ಅವರನ್ನು ಅಕ್ಕ, ತಮ್ಮ ಎನ್ನುತ್ತಿದ್ದೆ. ಆ ಅಕ್ಕನಿಗೂ ತಮ್ಮನಿಗೂ ನಡುವೆ ಇನ್ನೊಂದು ಮಗು ಹುಟ್ಟಿತ್ತು. ಅದು ನಾನು.

ಅಮ್ಮನಿಗೆ ಮದುವೆಯಾಗಿ ಒಂಬತ್ತು ವರ್ಷವಾದರೂ ಮಕ್ಕಳಾಗಲಿಲ್ಲ. ತಂಗಿಗೆ ಎರಡನೆಯದೂ ಹೆಣ್ಣಾಯಿತು. ಹಾಲು ಬಿಟ್ಟ ಮೇಲೆ ನನ್ನನ್ನು ಅಮ್ಮನ ಮಡಿಲಿಗೆ ಹಾಕಿದರು. ಕಾಗದವಿಲ್ಲ, ಹೋಮವಿಲ್ಲ, ಅಜ್ಜಿ ಹೇಳಿದರು, ಇಬ್ಬರು ಅಳಿಯಂದಿರೂ ತಲೆಯಾಡಿಸಿದರು, ಮುಗಿಯಿತು. ಇದನ್ನು ನನಗೆ ಮನೆಯಲ್ಲಿ ಯಾರೂ ಹೇಳಿರಲಿಲ್ಲ. ಹೇಳಿದ್ದು ಮೇಲಿನ ಮಹಡಿಯ ಮಂಗಳೂರಿನ ಆಂಟಿ. ನನಗೆ ಒಂಬತ್ತು ವರ್ಷವಿದ್ದಾಗ ಮೆಟ್ಟಿಲ ಮೇಲೆ ನಿಲ್ಲಿಸಿಕೊಂಡು, "ಬೆಂಗಳೂರಿಂದ ನಿನ್ನ ಹೆತ್ತಮ್ಮನ ಕಾಗದ ಬರ್ತದಾ ಮಾರಾಯ್ತಿ?" ಎಂದು ಕೇಳಿದರು. ನನ್ನ ಮುಖ ನೋಡಿ ನಾಲಿಗೆ ಕಚ್ಚಿಕೊಂಡರು. ಆಮೇಲೆ ಒಳಗೆ ಕರೆದು ಎರಡು ಚಕ್ಕುಲಿ ಕೊಟ್ಟರು. ಚಕ್ಕುಲಿ ಕೊಟ್ಟದ್ದರಿಂದಲೇ ಅದು ನಿಜವೆಂದು ನನಗೆ ಖಾತ್ರಿಯಾಯಿತು.

ನಾನು ಅಮ್ಮನನ್ನು ಏನೂ ಕೇಳಲಿಲ್ಲ. ಗೊತ್ತಿಲ್ಲದವಳ ಹಾಗೆ ಇರುವುದು ಎರಡು ವರ್ಷದಲ್ಲಿ ನನಗೆ ಅಭ್ಯಾಸವಾಗಿತ್ತು. ಆದರೆ ಚಿಕ್ಕಮ್ಮ ಬರುತ್ತಾರೆಂದು ತಿಳಿದ ದಿನದಿಂದ ಒಂದು ಆಸೆ ನನ್ನನ್ನು ಕಾಡತೊಡಗಿತು. ಅವರು ನನ್ನನ್ನು ಬೆಂಗಳೂರಿಗೆ ಕರೆದುಕೊಂಡು ಹೋಗಲಿ ಎಂದಲ್ಲ. ಅಮ್ಮನನ್ನು ಬಿಟ್ಟು ನಾನು ಎಲ್ಲಿಗೂ ಹೋಗುವವಳಲ್ಲ. ಒಂದು ಸಲ, ಯಾರೂ ಇಲ್ಲದಾಗ, ಚಿಕ್ಕಮ್ಮ ನನ್ನನ್ನು ತಮ್ಮ ಮಕ್ಕಳ ಲೆಕ್ಕಕ್ಕೆ ಸೇರಿಸಿಕೊಳ್ಳಬೇಕು, ಅಷ್ಟೇ. ಬಾಯಿತಪ್ಪಿ ಒಮ್ಮೆ ಮಗಳೇ ಎಂದಿದ್ದರೂ ಸಾಕಾಗಿತ್ತು.

ಮೊದಲ ದಿನ ರಾಣಿ ಬಾಗಿಗೆ ಅಮ್ಮನೂ ಬಂದಿದ್ದಳು. ಚಿಕ್ಕಪ್ಪ ಮೂಲತಃ ಮೈಸೂರಿನವರು. ಮೈಸೂರಿನವರನ್ನು ಬೇರೆ ಊರಿನ ಝೂಗೆ ಕರೆದುಕೊಂಡು ಹೋಗುವುದು ತವರಿನ ಅಡುಗೆ ಹೊಗಳುವ ಸೊಸೆಯನ್ನು ಊಟಕ್ಕೆ ಕೂರಿಸಿದ ಹಾಗೆ. ಆನೆ ಕಂಡರೆ, "ನಮ್ಮಲ್ಲಿ ಇದರ ಎರಡರಷ್ಟು." ಮೊಸಳೆ ಕಂಡರೆ, "ನಮ್ಮಲ್ಲಿ ಬಾಯಿ ಬಿಟ್ಕೊಂಡು ಮಲಗಿರ್ತವೆ." ನೀರಾನೆ ಅರ್ಧ ಗಂಟೆಯಾದರೂ ಮೂಗು ಬಿಟ್ಟು ಬೇರೇನೂ ತೋರಿಸಲಿಲ್ಲ. ಚಿಕ್ಕಪ್ಪ ನನ್ನ ಕಡೆ ತಿರುಗಿ, "ಏನಮ್ಮ, ನಿಮ್ಮ ಬಾಂಬೆ ನೀರಾನೆಗೆ ನಾಚಿಕೆಯಾ?" ಎಂದರು. ಅಕ್ಕ, ತಮ್ಮ ನಕ್ಕರು. ನೀರಾನೆಯನ್ನು ನಾನೇ ಸಾಕಿದ್ದೇನೋ ಎನ್ನುವಷ್ಟು ಅವಮಾನ ನನಗಾಯಿತು. "ಬೊರಿವಲಿಗೆ ಬನ್ನಿ ಚಿಕ್ಕಪ್ಪ. ಅಲ್ಲಿ ಸಿಂಹಗಳು ಬಸ್ಸಿನ ಪಕ್ಕದಲ್ಲೇ ಓಡಾಡ್ತವೆ. ನಾನು ನಾಲ್ಕು ಸಲ ನೋಡಿದೀನಿ" ಎಂದುಬಿಟ್ಟೆ.

ಅಮ್ಮ ನನ್ನ ಮುಖ ನೋಡಿದಳು, ಅಷ್ಟೇ. ಅವತ್ತು ಅವಳ ಗಮನ ಬೇರೆಲ್ಲೋ ಇತ್ತು. ಬೆಳಗಿನಿಂದ ನನ್ನ ಮಣಿಕಟ್ಟು ಹಿಡಿದವಳು ಬಿಟ್ಟಿರಲಿಲ್ಲ. ನನ್ನದೇ ಊರಿನಲ್ಲಿ ನಾನು ಕಳೆದುಹೋಗುತ್ತೇನೆಯೇ? ಗೇಟಿನ ಬಳಿ ಕಡಲೆಕಾಯಿ ಮಾರುವವಳು ನನ್ನನ್ನೂ ಅಕ್ಕನನ್ನೂ ನೋಡಿ, "ದೋಘಿ ಬಹಿಣಿ ಕಾ?" ಎಂದಳು. ಇಬ್ಬರೂ ಅಕ್ಕತಂಗಿಯರೇ ಎಂದು. ನಮ್ಮಿಬ್ಬರ ಮುಖ ಒಂದೇ ಅಚ್ಚು. ಮುಂದಿನ ಹಲ್ಲಿನ ಸಂದಿಯೂ ಒಂದೇ. ಅಮ್ಮ ಥಟ್ಟನೆ, "ನಾಹೀ, ಮಾವಸ ಬಹಿಣಿ" ಎಂದಳು. ಅಲ್ಲ, ಚಿಕ್ಕಮ್ಮನ ಮಗಳು ಎಂದು. ಕಡಲೆಕಾಯಿಯನ್ನೂ ಕೊಳ್ಳದೆ ನನ್ನನ್ನು ಎಳೆದುಕೊಂಡು ಹೊರಟಳು. ಮರಾಠಿ ಬಾರದ ಚಿಕ್ಕಮ್ಮನಿಗೆ ಇದೇನೂ ಗೊತ್ತಾಗಲಿಲ್ಲ.

ಮರುದಿನ ಬೆಳಿಗ್ಗೆ ಬೊರಿವಲಿಗೆ ಹೊರಡುವಾಗ ಅಮ್ಮ ಬರುವುದಿಲ್ಲ ಎಂದಳು. "ಮಂಡಿ ನೋವು ಕಣೆ, ನೀವು ಹೋಗಿಬನ್ನಿ. ಇವಳಿಗೆ ದಾರಿ ಗೊತ್ತು, ಭಾಷೆ ಗೊತ್ತು" ಎಂದು ತಂಗಿಗೆ ಹೇಳಿದಳು. ಹಿಂದಿನ ಸಂಜೆಯಷ್ಟೇ ಅದೇ ಮಂಡಿ ಸೀಮೆಎಣ್ಣೆ ಡಬ್ಬ ಹೊತ್ತು ಮೂರು ಮಹಡಿ ಹತ್ತಿತ್ತು. ಅಪ್ಪ ರಿಫೈನರಿಯ ಮೊದಲ ಶಿಫ್ಟಿಗೆ ಹೋಗಿಯಾಗಿತ್ತು. ಅಮ್ಮ ಪುಳಿಯೋಗರೆ, ಮೊಸರನ್ನದ ಡಬ್ಬಿಗಳನ್ನು ವೈರಿನ ಬುಟ್ಟಿಗೆ ತುಂಬಿ ನನ್ನ ಕೈಗೆ ಕೊಟ್ಟಳು. ನಾವು ಕೆಳಗಿಳಿದು ತಿರುಗಿ ನೋಡಿದಾಗ ಗ್ಯಾಲರಿಯಲ್ಲಿ ನಿಂತಿದ್ದಳು. ಕೈ ಬೀಸಲಿಲ್ಲ.

ನನಗೆ ಒಳಗೊಳಗೇ ಖುಷಿಯಾಗಿತ್ತು. ಅಮ್ಮ ಇಲ್ಲ; ಇವತ್ತು ಚಿಕ್ಕಮ್ಮ ಹೇಳಬಹುದು. ಕುರ್ಲಾದಲ್ಲಿ ಬದಲಿಸಿ, ದಾದರಿನ ಸೇತುವೆ ದಾಟಿ, ಬೊರಿವಲಿಯ ಲೋಕಲ್ ಹಿಡಿದೆವು. ಚಿಕ್ಕಪ್ಪನೂ ತಮ್ಮನೂ ಗಂಡಸರ ಡಬ್ಬಿಗೆ ಹೋದರು. ನಾನು, ಚಿಕ್ಕಮ್ಮ, ಅಕ್ಕ ಲೇಡೀಸ್ ಹತ್ತಿದೆವು. ಅಂಧೇರಿಯಲ್ಲಿ ಜಾಗ ಸಿಕ್ಕಿತು. ಚಿಕ್ಕಮ್ಮ ನಡುವೆ, ನಾವಿಬ್ಬರೂ ಅಕ್ಕಪಕ್ಕ. ಅಕ್ಕ ಅವರ ತೊಡೆಯ ಮೇಲೆ ಕಾಲು ಹಾಕಿ, "ಅಮ್ಮಾ, ನೀನು ಆ ಕಡೆ ಸರಿ" ಎನ್ನುತ್ತಿದ್ದಳು. ನಾನು, "ಚಿಕ್ಕಮ್ಮ, ನಿಮಗೆ ಗಾಳಿ ಬರ್ತಿದೆಯಾ?" ಎನ್ನುತ್ತಿದ್ದೆ. ಅವರ ಸೀರೆಯಿಂದ ನಮ್ಮ ಮನೆಯಲ್ಲಿಲ್ಲದ ಯಾವುದೋ ಸೋಪಿನ ವಾಸನೆ ಬರುತ್ತಿತ್ತು. ಅದನ್ನು ಎಳೆದೆಳೆದು ಮೂಸುತ್ತ ಕೂತೆ. ಅವರು ಒಮ್ಮೆ ನನ್ನ ಜಡೆ ಹಿಡಿದು ನೋಡಿ, "ಎಷ್ಟು ಚೆನ್ನಾಗಿ ಹೆಣೆದಿದಾಳೆ ನಿಮ್ಮಮ್ಮ" ಎಂದರು. ಜಡೆ ಹಿಡಿದದ್ದಕ್ಕೆ ಹಿಗ್ಗಿದೆ. ನಿಮ್ಮಮ್ಮ ಎಂದದ್ದಕ್ಕೆ ಕಿಟಕಿಯ ಕಡೆ ತಿರುಗಿದೆ.

ಪಾರ್ಕಿನೊಳಗೆ ಬಿಸಿಲಲ್ಲಿ ಬಹಳ ನಡೆಯಬೇಕಾಯಿತು. ನಾಲ್ಕು ಸಲ ಬಂದವಳ ಹಾಗೆ ನಾನು ಮುಂದೆ ಮುಂದೆ ಹೋಗುತ್ತಿದ್ದೆ, ಯಾರಿಗೂ ಕಾಣದ ಹಾಗೆ ದಾರಿಯ ಬೋರ್ಡು ಓದುತ್ತಿದ್ದೆ. ಸಫಾರಿಯ ಬಸ್ಸು ಕಿಟಕಿಗಳಿಗೆಲ್ಲ ಕಬ್ಬಿಣದ ಜಾಲರಿ ಬಡಿದುಕೊಂಡು ಹೊರಡಲು ಸಿದ್ಧವಾಗಿ ನಿಂತಿತ್ತು. ಬಾಗಿಲಲ್ಲಿ ಖಾಕಿ ಅಂಗಿಯ ಒಬ್ಬ ವಯಸ್ಸಾದ ನೌಕರ ಜನರನ್ನು ಎಣಿಸಿ ಹತ್ತಿಸುತ್ತಿದ್ದ. "ಕಿತಿ ಜಣ?" ಎಂದ. ಎಷ್ಟು ಜನ ಎಂದು ಕೇಳುತ್ತಿದ್ದಾನೆಂದು ಚಿಕ್ಕಪ್ಪನಿಗೆ ಹೇಳಿದೆ.

"ನಾವು ನಾಲ್ಕು ಜನ, ನೀನೊಬ್ಬಳು" ಎಂದರು ಚಿಕ್ಕಪ್ಪ.

ಅದರಲ್ಲಿ ಯಾವ ಕೆಡುಕೂ ಇರಲಿಲ್ಲ. ಎಂಟು ವರ್ಷದಿಂದ ಅವರ ಮನೆಯಲ್ಲಿ ನಾಲ್ಕೇ ತಟ್ಟೆ ಹಾಕುತ್ತಿದ್ದರು. ಬಾಯಿಗೆ ಅದೇ ಬಂತು. ಆದರೆ ಆ ಮಾತನ್ನು ಮರಾಠಿಗೆ ತಿರುಗಿಸಿ ಹೇಳಬೇಕಾದವಳು ನಾನು. "ಪಾಚ್" ಎಂದೆ. ಐದು. ಅವನು ಒಳಗೆ ಇಣುಕಿ ನಾಲ್ಕು ಬೆರಳು ತೋರಿಸಿದ. ನಾಲ್ಕೇ ಜಾಗ ಉಳಿದಿತ್ತು. ಮುಂದಿನ ಬಸ್ಸು ಊಟದ ಬಿಡುವಾದ ಮೇಲೆ.

"ಎಲ್ಲರೂ ಆಮೇಲೇ ಹೋಗೋಣ" ಎಂದರು ಚಿಕ್ಕಮ್ಮ.

"ಮಧ್ಯಾಹ್ನ ದಾದರಿನಲ್ಲಿ ಸೀರೆ ನೋಡಬೇಕು ಅಂದವಳು ನೀನೇ" ಎಂದರು ಚಿಕ್ಕಪ್ಪ. "ಪುಟ್ಟಿ ಆಗಲೇ ನಾಲ್ಕು ಸಲ ನೋಡಿದಾಳಲ್ಲ."

ಸುಳ್ಳು ಹೇಳಿದವಳ ಕೊರಳಿಗೇ ಸುಳ್ಳು ಉರುಳಾಗಿ ಬಂತು. ಬಸ್ಸಿನ ಮೆಟ್ಟಿಲ ಮೇಲೆ ಒಂದು ಕಾಲಿಟ್ಟಿದ್ದ ಚಿಕ್ಕಮ್ಮ ನನ್ನ ಕಡೆ ನೋಡಿದರು. "ಇಷ್ಟು ಚಿಕ್ಕವಳನ್ನ ಒಬ್ಬಳೇ ಹ್ಯಾಗೆ ಬಿಡೋದು?"

"ಪರವಾಗಿಲ್ಲ ಚಿಕ್ಕಮ್ಮ. ನೀವು ಹೋಗಿ" ಎಂದೆ.

ನಾವು ಎಂಥ ಜನ! ಊಟಕ್ಕೆ ಕೂತವರು ಸಾಕು, ಸಾಕು ಎಂದು ಎಲೆಗೆ ಅಡ್ಡ ಕೈಯಿಟ್ಟರೂ ಬೆರಳ ಸಂದಿಯಿಂದ ಇನ್ನೊಂದು ಹೋಳಿಗೆ ಜಾರಿಸುವವರು. ಬೇಡ ಎಂದರೆ ಬೇಕು ಎಂದು ತಿಳಿಯುವವರು. ನೀವು ಹೋಗಿ ಎಂದು ನಾನು ಹೇಳಿದ್ದು ಅದೇ ಧೈರ್ಯದ ಮೇಲೆ. ಅವರು ಕೆಳಗಿಳಿದು, ನಾನು ಇವಳ ಜೊತೆ ಇರ್ತೀನಿ ಎನ್ನುತ್ತಾರೆಂದು ಕಾದೆ. ಒಳಗಿನಿಂದ ತಮ್ಮ, "ಅಮ್ಮಾ, ಬಾ" ಎಂದು ಕೂಗಿದ. ಚಿಕ್ಕಮ್ಮ ಇನ್ನೊಂದು ಕಾಲನ್ನೂ ಮೇಲಕ್ಕೆತ್ತಿಕೊಂಡರು. "ಇಲ್ಲೇ ಕೂತಿರು, ಎಲ್ಲೂ ಹೋಗಬೇಡ" ಎಂದರು.

ಖಾಕಿಯವನು ನನ್ನನ್ನು ಮರದ ಕೆಳಗಿನ ಬೆಂಚಿನ ಮೇಲೆ ಕೂರಿಸಿ, ಪಕ್ಕದಲ್ಲಿ ಕೈರಿ, ಅಂದರೆ ಮಾವಿನಕಾಯಿ, ಮಾರುತ್ತಿದ್ದ ಮುದುಕಿಗೆ ನೋಡಿಕೊಳ್ಳಲು ಹೇಳಿ ಬಸ್ಸು ಹತ್ತಿದ. ದೊಡ್ಡ ಗೇಟು ತೆರೆಯಿತು, ಬಸ್ಸು ಒಳಗೆ ಹೋಯಿತು, ಗೇಟು ಮುಚ್ಚಿತು. ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತೆ. ಅಳು ಬರಲಿಲ್ಲ, ಬಂದಿದ್ದರೆ ಚೆನ್ನಾಗಿತ್ತು. ಸುತ್ತ ಎಷ್ಟೋ ಸಂಸಾರಗಳು ಚಾಪೆ ಹಾಸಿಕೊಂಡು ತಿನ್ನುತ್ತಿದ್ದವು. ಎಲ್ಲರೂ ಯಾರಿಗೋ ಸೇರಿದವರಾಗಿದ್ದರು. ಈಗ ನನಗೆ ಐವತ್ತು ದಾಟಿದೆ; ಆಸ್ಪತ್ರೆಯಲ್ಲಿ ಒಬ್ಬಳೇ ಮಲಗಿದ್ದೇನೆ, ಹೊಸ ಊರುಗಳಲ್ಲಿ ಒಬ್ಬಳೇ ಇದ್ದೇನೆ. ಆ ಬೆಂಚಿನ ಮೇಲಿದ್ದಷ್ಟು ಒಂಟಿಯಾಗಿ ಮತ್ತೆ ಯಾವತ್ತೂ ಇರಲಿಲ್ಲ. ಒಳಗೆಲ್ಲೋ ಸಿಂಹ ಒಮ್ಮೆ ಗುರುಗುಟ್ಟಿತೋ, ಬಸ್ಸೇ ಗುರುಗುಟ್ಟಿತೋ, ಗೊತ್ತಾಗಲಿಲ್ಲ. ಮುದುಕಿ ಉಪ್ಪು ಖಾರ ಹಚ್ಚಿದ ಒಂದು ಹೋಳು ಕೈರಿ ಕೊಟ್ಟಳು. ಆಂಟಿಯ ಚಕ್ಕುಲಿಯ ನೆನಪಾಗಿ ನಾನು ಬೇಡ ಎಂದೆ. ಬೇಡ ಎಂದರೂ ಅವಳು ಕೈಯಲ್ಲಿ ತುರುಕಿದಳು.

ಬಸ್ಸು ಅರ್ಧ ಗಂಟೆಗೆ ವಾಪಸು ಬಂತು. ತಮ್ಮ ಮೊದಲು ಹಾರಿ ಇಳಿದ. "ಎರಡೇ ಇದ್ದಿದ್ದು. ಒಂದು ಮಲಗಿತ್ತು" ಎಂದ. ಚಿಕ್ಕಪ್ಪ ಇಳಿಯುತ್ತ, "ನಮ್ಮ ಮೈಸೂರಿನದಕ್ಕೆ ಕೇಸರ ಇದಕ್ಕಿಂತ ದಟ್ಟ" ಎಂದರು. ಅಕ್ಕ ಇಳಿದಳು. ಖಾಕಿಯವನು ಅಕ್ಕನ ಮುಖ ನೋಡಿದ, ಬೆಂಚಿನ ಮೇಲಿದ್ದ ನನ್ನ ಮುಖ ನೋಡಿದ, ಮತ್ತೆ ಅಕ್ಕನನ್ನು ನೋಡಿದ. ಕೊನೆಗೆ ಇಳಿಯುತ್ತಿದ್ದ ಚಿಕ್ಕಮ್ಮನನ್ನು ನಗುತ್ತ ಕೇಳಿದ:

"ಹೀ ಪಣ ತುಮಚೀಚ ಮುಲಗೀ ನಾ?"

ಇವಳೂ ನಿಮ್ಮ ಮಗಳೇ ತಾನೇ?

ಚಿಕ್ಕಮ್ಮನಿಗೆ ಅರ್ಥವಾಗಲಿಲ್ಲ. ಬಂದಾಗಿನಿಂದ ಮಾಡುತ್ತಿದ್ದ ಹಾಗೆ ನನ್ನ ಕಡೆ ತಿರುಗಿದರು. "ಏನಂತೆ ಪುಟ್ಟಿ ಅವನು?"

ಎರಡು ವರ್ಷದಿಂದ ನಾನು ಕೇಳಬೇಕೆಂದಿದ್ದ ಪ್ರಶ್ನೆಯನ್ನು ಯಾರೋ ನನಗೋಸ್ಕರ ಕೇಳಿಬಿಟ್ಟಿದ್ದರು. ನಾನು ಅದನ್ನು ಕನ್ನಡದಲ್ಲಿ ಹೇಳಿದರೆ ಸಾಕಿತ್ತು. ನನ್ನ ಮಾತೂ ಅಲ್ಲ, ಅವನ ಮಾತು. ನನ್ನ ಮೇಲೆ ತಪ್ಪೇನೂ ಬರುತ್ತಿರಲಿಲ್ಲ. ಚಿಕ್ಕಮ್ಮ ಮೆಟ್ಟಿಲ ಮೇಲೆ ನಿಂತು ಕಾಯುತ್ತಿದ್ದರು. ಅವರು ಹೌದು ಎನ್ನಬಹುದಿತ್ತು. ಅಲ್ಲ ಎನ್ನಲೂಬಹುದಿತ್ತು. ಅಲ್ಲ ಎಂದುಬಿಟ್ಟರೆ ಅದನ್ನು ಮರಾಠಿಗೆ ತಿರುಗಿಸಿ ಅವನಿಗೆ ಹೇಳಬೇಕಾದವಳೂ ನಾನೇ.

"ಏನಿಲ್ಲ ಚಿಕ್ಕಮ್ಮ. ಬೇಗ ಇಳೀಬೇಕಂತೆ" ಎಂದೆ.

ಅವನಿಗೆ, "ನಾಹೀ, ಮೀ ಚೆಂಬೂರಚೀ" ಎಂದೆ. ಅಲ್ಲ, ನಾನು ಚೆಂಬೂರಿನವಳು.

ಚಿಕ್ಕಮ್ಮ ಅವಸರದಿಂದ ಇಳಿದರು. ಅವರು ತೀರಿಕೊಂಡು ಈಗ ಆರು ವರ್ಷ. ಆ ಪ್ರಶ್ನೆ ಅವರನ್ನು ಮುಟ್ಟಲೇ ಇಲ್ಲ.

ಸಂಜೆ ನಾವು ಕಾಲನಿಯ ಗೇಟು ದಾಟುವಾಗ ಅಮ್ಮ ಗ್ಯಾಲರಿಯಲ್ಲೇ ಇದ್ದಳು. ನೆಂಟರು ಕೈಕಾಲು ತೊಳೆದು ಹಾಲಿನಲ್ಲಿ ದಾದರಿನ ಸೀರೆ ಬಿಚ್ಚಿ ನೋಡುತ್ತಿದ್ದಾಗ ನಾನು ಖಾಲಿ ಡಬ್ಬಿಗಳನ್ನು ಅಡುಗೆಮನೆಗೆ ಒಯ್ದೆ. ಅಮ್ಮ ಒಬ್ಬಳೇ ಇದ್ದಳು.

"ಸಿಂಹ ನೋಡಿದೆಯಾ?"

"ನೋಡಿದೆ. ಎರಡೇ ಇದ್ದಿದ್ದು. ಒಂದು ಮಲಗಿತ್ತು."

ಅಮ್ಮ ಡಬ್ಬಿಗಳನ್ನು ಒಂದೊಂದಾಗಿ ಬಚ್ಚಲಿಗೆ ಹಾಕಿದಳು. ನನ್ನ ಕಡೆ ತಿರುಗದೆ, "ಚಿಕ್ಕಮ್ಮನ ಹತ್ತಿರ ಏನಾದ್ರೂ ಕೇಳಿದೆಯಾ?" ಎಂದಳು.

ನನಗೆ ಗೊತ್ತಿದೆ ಎನ್ನುವುದು ಅವಳಿಗೆ ಗೊತ್ತಿತ್ತು. ಮಂಡಿ ನೋವು ಯಾಕೆ ಬಂತೆಂದೂ ನನಗೆ ಆಗ ತಿಳಿಯಿತು.

"ಇಲ್ಲಮ್ಮ."

"ಅವಳೇ ಏನಾದ್ರೂ ಹೇಳಿದಳಾ?"

"ಇಲ್ಲ."

ಅಮ್ಮ ನಲ್ಲಿ ನಿಲ್ಲಿಸಿದಳು. ಆಮೇಲೆ ಕೈ ಒರೆಸಿಕೊಂಡು, ಬೆಳಿಗ್ಗೆ ತನಗೆಂದು ತೆಗೆದಿಟ್ಟಿದ್ದ ಪುಳಿಯೋಗರೆಯ ಪಾತ್ರೆಯ ಮುಚ್ಚಳ ತೆಗೆದಳು. ಅದರಲ್ಲಿ ಒಂದು ಅಗುಳೂ ಕದಲಿರಲಿಲ್ಲ. ಅಲ್ಲೇ ನೆಲದ ಮೇಲೆ ಕೂತು ಅವತ್ತಿನ ಮೊದಲ ತುತ್ತು ತಿಂದಳು.