ಇಪ್ಪತ್ಮೂರು ಕೆಲಸ, ಒಂದು ಕೌದಿ

ಹೆದರಿಕೆಯಾದಾಗ ಕೆಲವರು ದೇವರನ್ನು ನೆನೆಯುತ್ತಾರೆ, ಕೆಲವರು ಗಂಡನ ಮೇಲೆ ಹರಿಹಾಯುತ್ತಾರೆ. ನಾನು ಪಟ್ಟಿ ಬರೆಯುತ್ತೇನೆ. ಹೇಳಿಕೊಳ್ಳಲು ನಾಚಿಕೆಯೇ, ಆದರೆ ನಿಮ್ಮ ಮುಂದೆ ಮುಚ್ಚಿಡುವುದೇನು? ಊರಿಗೆ ಹೊರಟರೆ ಪಟ್ಟಿ, ಪರೀಕ್ಷೆ ಬಂದರೆ ಪಟ್ಟಿ. ಒಮ್ಮೆ ಜ್ವರದಲ್ಲಿ ಮಲಗಿದಾಗ, ಎದ್ದ ಮೇಲೆ ಯಾವ್ಯಾವುದರ ಚಿಂತೆ ಮಾಡಬೇಕೆಂಬುದರ ಪಟ್ಟಿಯನ್ನೂ ಬರೆದಿದ್ದೆ. ಅದನ್ನು ಕಂಡ ನಮ್ಮ ಅತ್ತೆ, "ಈಕಿ ಸಾಯೂಮುಂದನೂ ಹೊರಾವ್ರ ನಾಕ ಮಂದಿ ಹೆಸರ ಬರದಿಟ್ಟ ಸಾಯ್ತಾಳ ನೋಡ್ರಿ" ಎಂದು ಓಣಿಗೆಲ್ಲ ಕೇಳುವಂತೆ ಹೇಳಿದ್ದರು.

ನಮ್ಮ ಅತ್ತೆಯ ಬಾಯಿಗೆ ಕುಷ್ಟಗಿಯ ನಮ್ಮ ಓಣಿಯಲ್ಲಿ ದೊಡ್ಡ ಹೆಸರು. ಹಾಲು ಹಾಕುವವನಿಂದ ಹಿಡಿದು ಟಿವಿಯಲ್ಲಿ ವಾರ್ತೆ ಓದುವ ಹುಡುಗಿಯವರೆಗೆ ಅವರಿಂದ ಬೈಸಿಕೊಳ್ಳದವರಿಲ್ಲ. ಅಂಥವರು ಅಂಗಳದಾಚೆಯ ಪಾಯಖಾನೆಯ ಮೂರು ಮೆಟ್ಟಿಲ ಮೇಲೆ ಜಾರಿ ಬಿದ್ದು ಸೊಂಟದ ಕೀಲು ಮುರಿದುಕೊಂಡರು. ಕೊಪ್ಪಳದ ಆಸ್ಪತ್ರೆಯಲ್ಲಿ ಆಪರೇಷನ್ ಆಯಿತು. ಡಾಕ್ಟರು, "ಎರಡು ವಾರಕ್ಕ ಮನಿಗೆ ಕಳಸ್ತೀವ್ರಿ. ಆದ್ರ ಮೆಟ್ಲ ಹತ್ತಂಗಿಲ್ಲ, ಕುಕ್ಕರಗಾಲಲೆ ಕೂಡಂಗಿಲ್ಲ" ಎಂದರು. ನಮ್ಮ ಮನೆಯ ಪಾಯಖಾನೆಯಲ್ಲಿ ಇರುವುದೇ ಈ ಎರಡು ಸೌಕರ್ಯ.

ಡಾಕ್ಟರು ಆಚೆ ಹೋದ ಮೇಲೆ ಅತ್ತೆ ನನ್ನ ಕೈ ಹಿಡಿದುಕೊಂಡರು. "ಶಾಂತಾ, ಹಾಸಿಗ್ಯಾಗ ಮಾಡೂದು ನನ್ನಿಂದ ಆಗಂಗಿಲ್ಲವಾ. ಮನಿಗೆ ಬಂದ ಮ್ಯಾಲರ ನನ್ನ ಕಾಲಿಲೆ ನಾ ಹೋಗಂಗ ಮಾಡು." ಅಷ್ಟು ಮೆತ್ತಗಿನ ದನಿಯನ್ನು ನಾನು ಇಪ್ಪತ್ತು ವರ್ಷದಲ್ಲಿ ಕೇಳಿರಲಿಲ್ಲ. ಅಂದಿನಿಂದ ಅವರು ಬೈಯುವುದನ್ನೂ ಬಿಟ್ಟರು. ಸಾರು ತಣ್ಣಗಿದ್ದರೂ "ಆತವಾ", ಸೂಜಿ ಎರಡು ಸಲ ಚುಚ್ಚಿದರೂ "ಆತವಾ". ಮುರಿದ ಎಲುಬಿಗಿಂತ ಆ "ಆತವಾ" ನನಗೆ ಹೆಚ್ಚು ಭಯ ಹುಟ್ಟಿಸಿತು.

ಹೀಗಾಗಿ ಪಟ್ಟಿ. ಅತ್ತೆಯ ಕೋಣೆಗೆ ಹೊಂದಿಸಿ, ನೆಲಮಟ್ಟದಲ್ಲಿ, ಕಮೋಡ್ ಇರುವ ಪುಟ್ಟ ಬಚ್ಚಲುಮನೆ, ಹದಿನಾಲ್ಕು ದಿನದಲ್ಲಿ. ನಾನು ಹೈಸ್ಕೂಲಿನಲ್ಲಿ ಗಣಿತ ಕಲಿಸುವವಳು. ದೊಡ್ಡ ಡ್ರಾಯಿಂಗ್ ಹಾಳೆ ತಂದು, ಕೆಲಸವನ್ನು ಇಪ್ಪತ್ಮೂರು ತುಂಡು ಮಾಡಿ, ಒಂದೊಂದಕ್ಕೂ ದಿನ ಗೊತ್ತುಪಡಿಸಿ, ಪೈಪಿಗೆ ನೀಲಿ, ಗೋಡೆಗೆ ಕೆಂಪು, ಟೈಲ್ಸಿಗೆ ಹಸಿರು ಬಣ್ಣ ಬಳಿದು ಪಡಸಾಲೆಯಲ್ಲಿ ತೂಗುಹಾಕಿದೆ. ಒಂದನೆಯದು ಪಾಯ ತೋಡುವುದು. ಇಪ್ಪತ್ತೆರಡನೆಯದು ಬಾಗಿಲು. ಇಪ್ಪತ್ಮೂರನೆಯದು ಅತ್ತೆಯನ್ನು ಮನೆಗೆ ಕರೆತರುವುದು. ಬರೆದು ಮುಗಿಸಿದಾಗ ಎಂಥ ಸಮಾಧಾನ ಅಂತೀರಿ! ಪಟ್ಟಿ ಬರೆಯುವುದರಲ್ಲಿರುವ ಮೋಸವೇ ಇದು, ಅರ್ಧ ಕೆಲಸ ಆಗಿಯೇ ಹೋಯಿತು ಅನ್ನಿಸಿಬಿಡುತ್ತದೆ. ಅಂಗಳದಲ್ಲಿ ಇನ್ನೂ ಒಂದು ಬುಟ್ಟಿ ಮಣ್ಣೂ ಎದ್ದಿರಲಿಲ್ಲ.

ಮರುದಿನ ಬೇವೂರಿನಿಂದ ಗೌಂಡಿ ಮಹಬೂಬಸಾಬರು ಬಂದರು. ನಮ್ಮ ಮನೆಯ ಗೋಡೆಗಳೆಲ್ಲ ಅವರ ಕೈಯವೇ. ಹಾಳೆಯ ಮುಂದೆ ಬಹಳ ಹೊತ್ತು ನಿಂತು, "ಬಣ್ಣ ಭಾಳ ಛಲೋ ಬಂದಾವ್ರಿ ಅಕ್ಕಾರ" ಎಂದರು. ಆಮೇಲೆ ಒಂದನೇ ಪ್ರಶ್ನೆ: "ಅವ್ವಾರು ಏಳೂಮುಂದ ಯಾವ ಕೈಲೆ ಹಿಡೀತಾರ್ರಿ? ರಾಡ್ ಆ ಕಡೆ ಕೂಡಸ್ಬೇಕು." ಇಪ್ಪತ್ಮೂರು ಕೆಲಸಗಳಲ್ಲಿ ಅತ್ತೆಯ ಕೈ ಎಲ್ಲೂ ಇರಲಿಲ್ಲ. ಕೊಪ್ಪಳದಲ್ಲಿ ಅತ್ತೆಯ ಜೊತೆಗಿದ್ದ ನಮ್ಮವರಿಗೆ ಫೋನು ಹಚ್ಚಿ, ಎಡಗೈ ಅಂತ ತಿಳಿದುಕೊಂಡು ಹೇಳಿದೆ. ಅವರ ಎರಡನೇ ಮಾತು: "ಬಾಗಲದ್ದ ಅಳತಿ ಇವತ್ತ ಗಂಗಾವತಿಗೆ ಹೇಳಿಬಿಡ್ರಿ." ಬಚ್ಚಲ ಬಾಗಿಲನ್ನು ಅಳತೆಗೆ ಸರಿಯಾಗಿ ಮಾಡಿಕೊಡುವ ಅಂಗಡಿ ಅಲ್ಲಿದೆ. ಗೋಡೆಯೇ ಇಲ್ಲದೆ ಬಾಗಿಲೆಲ್ಲಿಂದ? ನಾನು ನಕ್ಕು, "ಅದು ಇಪ್ಪತ್ತೆರಡನೇದು ಐತ್ರಿ" ಎಂದೆ. ಅವರೂ ನಕ್ಕರು. ಆ ನಗುವಿನ ಅರ್ಥ ನನಗೆ ಹತ್ತು ದಿನ ತಡವಾಗಿ ತಿಳಿಯಿತು.

ನಾಲ್ಕು ಜನ ಹನ್ನೆರಡು ದಿನಕ್ಕೆ ಮಾಡುವ ಕೆಲಸವನ್ನು ಎಂಟು ಜನ ಎಷ್ಟು ದಿನಕ್ಕೆ ಮಾಡುತ್ತಾರೆ ಎಂಬ ಲೆಕ್ಕವನ್ನು ಎಷ್ಟು ಮಕ್ಕಳ ತಲೆಗೆ ತುಂಬಿದ್ದೇನೋ ನಾನು! ಐದನೇ ದಿನಕ್ಕೇ ಕೆಲಸ ಒಂದೂವರೆ ದಿನ ಹಿಂದೆ ಬಿದ್ದಾಗ, ಇನ್ನೂ ನಾಲ್ಕಾಳು ಹಚ್ಚಿ ಎಂದು ದುಂಬಾಲು ಬಿದ್ದೆ. ಸಿಮೆಂಟಿನ ಗಿಲಾವು ಮಾಡಿದ ಗೋಡೆಗೆ ನೀರು ಹೊಡೆಯುತ್ತಿದ್ದ ಮಹಬೂಬಸಾಬರು ಪೈಪು ಕೆಳಗಿಟ್ಟು ಕೇಳಿದರು: "ಎಂಟ ಮಂದಿ ನಿಂತ ನೀರ ಹೊಡದ್ರ ಸಿಮೆಂಟ್ ಲಗೂ ಗಟ್ಟಿ ಆಗ್ತೇತೇನ್ರಿ ಅಕ್ಕಾರ?"

ಒಂಬತ್ತನೇ ದಿನ ಟೈಲ್ಸ್. ಬೆಳಗ್ಗೆ ಎಂಟಾಯಿತು, ಒಂಬತ್ತಾಯಿತು, ಯಾರೂ ಇಲ್ಲ. ಫೋನು ಮಾಡಿದರೆ ಮಹಬೂಬಸಾಬರಿಗೇ ಆಶ್ಚರ್ಯ: "ಇವತ್ತ ಅಮಾಸಿ ಅಲ್ರಿ? ಯಾವ ಆಳೂ ಬರಂಗಿಲ್ಲ. ನಾ ಒಬ್ಬಾವ ಬಂದ್ರ ಕಲಸಿ ಕೊಡಾವ್ರ್ಯಾರ್ರಿ?" ನಾನು ಹೋಳಿಗೆಗೆ ಕಡಲೆಬೇಳೆ ಕುದಿಯಲಿಟ್ಟು ಬಂದೇ ಫೋನು ಮಾಡುತ್ತಿದ್ದೆ, ನೋಡಿ! ಅಡುಗೆಮನೆಯಲ್ಲಿ ಅಮಾವಾಸ್ಯೆ ನೆನಪಿತ್ತು, ಪಡಸಾಲೆಯ ಹಾಳೆಯಲ್ಲಿ ಅದು ಬರೀ ಒಂದು ಹಸಿರು ಚೌಕವಾಗಿತ್ತು. ಪಂಚಾಂಗದ ಬಗ್ಗೆ ನಾನು ಯಾವತ್ತೂ ಹಗುರವಾಗಿ ಮಾತಾಡಿದವಳೇ. ಆದರೆ ಅದನ್ನು ಬರೆದವರು ಜಾಣರು. ತಿಥಿ, ವಾರ, ನಕ್ಷತ್ರ, ಯೋಗ, ಕರಣ ಎಂದು ಐದು ಕಡೆಯಿಂದ ನೋಡಿ, ಕೆಲಸ ಯಾವಾಗ ಆಗದು ಎಂಬುದನ್ನೂ ಹೇಳಿಟ್ಟರು. ನನ್ನ ಹಾಳೆಗೆ ಆಗುವುದಷ್ಟೇ ಗೊತ್ತಿತ್ತು.

ಬಾಗಿಲಿಗಂತೂ ನಾನು ಗೋಡೆ ಎದ್ದ ಮೇಲೆಯೇ ಅಳತೆ ಹಿಡಿದು ಗಂಗಾವತಿಗೆ ಹೇಳಿದ್ದೆ, ಅಂಗಡಿಯವರು ಎಂಟು ದಿನ ಬೇಕೆಂದಿದ್ದರು. ಅಷ್ಟರಲ್ಲಿ ಹನ್ನೊಂದನೇ ದಿನ ಕೊಪ್ಪಳದಿಂದ ನಮ್ಮವರ ಫೋನು. "ಅವ್ವ ಆರಾಮ ಅದಾಳಂತ. ನಾಳೆನ ಕರಕೊಂಡ ಹೋಗ್ರಿ ಅಂದಾರ." ಇಂಥ ಸಿಹಿಸುದ್ದಿ ಕೇಳಿ ಅಳು ಬಂದವಳು ನಾನೊಬ್ಬಳೇ ಇರಬೇಕು. ಮಹಬೂಬಸಾಬರು ಅವತ್ತು ಊಟಕ್ಕೂ ಏಳಲಿಲ್ಲ. ಕಮೋಡ್ ಕೂಡಿಸಿದರು, ಎಡಗಡೆ ರಾಡ್ ಬಿಗಿದರು, ಅದಕ್ಕೆ ತಾವೇ ಜೋತುಬಿದ್ದು ನೋಡಿದರು. ಎಲ್ಲ ಆಯಿತು, ಬಾಗಿಲೊಂದಿಲ್ಲ.

ಮರುದಿನ ಮಧ್ಯಾಹ್ನ ಅತ್ತೆ ಬಂದರು. ಓಣಿಯ ಮಂದಿ ಮಾತಾಡಿಸಿದರೆ ತಲೆಯಾಡಿಸಿದರಷ್ಟೇ. ಹಾಳೆಯಲ್ಲಿ ಇಪ್ಪತ್ಮೂರನೆಯದಕ್ಕೆ ಗೆರೆ ಎಳೆಯಬಹುದಿತ್ತು. ಯಾಕೋ ಕೈ ಬರಲಿಲ್ಲ. ಸ್ವಲ್ಪ ಹೊತ್ತಿಗೆ ಅವರು ನನ್ನ ಮುಖ ನೋಡಿದರು, ಬಚ್ಚಲಿಗೆ ಹೋಗಬೇಕೆಂದು ನನಗೆ ತಿಳಿಯಿತು. ಗಡಿಬಿಡಿಯಲ್ಲಿ ಕೈಗೆ ಸಿಕ್ಕ ಹೊದೆಯುವ ಕೌದಿಯನ್ನು ಬಾಗಿಲ ಚೌಕಟ್ಟಿಗೆ ಮೊಳೆ ಹೊಡೆದು ಇಳಿಬಿಟ್ಟೆ. ವಾಕರ್ ಹಿಡಿದು, ಒಂದೊಂದೇ ಹೆಜ್ಜೆ ಇಟ್ಟು, ಅತ್ತೆ ಒಬ್ಬರೇ ಒಳಗೆ ಹೋದರು. ನಾನು ಹಿಂದೆ ಹೋಗಹೋದರೆ, "ನೀ ಅಲ್ಲೇ ನಿಂದ್ರು" ಎಂದರು.

ನಿಂತೆ. ಒಳಗೆ ಸದ್ದಿಲ್ಲ. ರಾಡ್ ತುಸು ಕಿರ್ರೆಂದಿತು, ಮತ್ತೆ ಸುಮ್ಮನಾಯಿತು. ನಮ್ಮವರು ಬಾಯೊಳಗೇ ಏನೋ ಮಂತ್ರ ಹೇಳುತ್ತಿದ್ದರು. ಬಿದ್ದರೆ ಏನು ಗತಿ, ಕರೆಯಲೇ, ಒಳಗೆ ನುಗ್ಗಲೇ, ಎಂದು ಕೌದಿಯ ಅಂಚು ಹಿಡಿಯುತ್ತಿದ್ದೆ, ಬಿಡುತ್ತಿದ್ದೆ.

"ಶಾಂತಾ!"

ಓಣಿಯ ಕೊನೆಗೂ ಕೇಳಿಸಿರಬೇಕು.

"ಪಡಸಾಲಿ ತುಂಬ ಬಣ್ಣದ ಹಾಳಿ ತೂಗಹಾಕೀದಿ, ಒಳಗ ಒಂದ ತಂಬಗಿ ಇಡಾಕ ಬರಲಿಲ್ಲೇನ ನಿನಗ? ಏನ್ ಸಾಲಿ ಕಲಸ್ತಾಳೋ ಏನೋ! ಬಾಗಲಕ್ಕ ನನ್ನ ಹೊಸಾ ಕೌದಿನ ಬೇಕಾಗಿತ್ತು? ಮೊಳಿ ಬ್ಯಾರೆ ಹೊಡದಾಳ, ಹಾಳಾದಾಕಿ!"

ನಮ್ಮವರು ನಗುತ್ತ ಕಣ್ಣೊರೆಸಿಕೊಂಡರು. ನಾನು ತಂಬಿಗೆ ತರಲು ಅಡುಗೆಮನೆಗೆ ಓಡಿದೆ. ದಾರಿಯಲ್ಲಿ ಹಾಳೆ ಎದುರಾಯಿತು. ಇಪ್ಪತ್ತೆರಡನೆಯದನ್ನು ಹಾಗೇ ಬಿಟ್ಟು, ಇಪ್ಪತ್ಮೂರನೆಯದಕ್ಕೆ ಗೆರೆ ಎಳೆದೆ.