ಕನ್ನಡಿ ಹಿಡಿದ ಹಮಾಲ

ಎಂಬತ್ತರ ದಶಕದ ಕೊನೆಯಲ್ಲಿ ನಾವು ಗೋವಾದ ಕುಂಡಯಿಯಿಂದ ವಾಸ್ಕೋಗೆ ಮನೆ ಬದಲಿಸಿದಾಗ ಲಾರಿಗೆ ಸಾಮಾನು ಏರಿಸಿದ್ದು ಝುವಾರಿನಗರದ ಒಬ್ಬ ಹಮಾಲ. ವಿಜಯಪುರದ ಕಡೆಯವನು, ಮೀಸೆಗೆ ಮದರಂಗಿ ಹಚ್ಚಿದ್ದ. ತವರಿನಿಂದ ತಂದ ನಿಲುವುಗನ್ನಡಿಯನ್ನು ಹಗ್ಗಕ್ಕೆ ಒಪ್ಪಿಸಲು ನನಗೆ ಮನಸ್ಸಾಗಲಿಲ್ಲ. ಹಿಡಿದುಕೊಂಡೇ ಕೂರಬಹುದೇ ಎಂದು ಕೇಳಿದೆ. ಅವನು ಗಾದಿಗಳ ಮೇಲೆ ಹಿಂದಕ್ಕೆ ಮುಖ ಮಾಡಿ ಕುಳಿತು, ಹಸುಗೂಸಿನಂತೆ ಅದನ್ನು ತೊಡೆಯ ಮೇಲೆ ನಿಲ್ಲಿಸಿಕೊಂಡ. ಯಜಮಾನರೂ ನಾನೂ ಸ್ಕೂಟರಿನಲ್ಲಿ ಹಿಂದೆ.

ಬೋರಿಯ ಇಳಿಜಾರಿನಲ್ಲಿ ಒಂದು ಎಮ್ಮೆ ರಸ್ತೆ ದಾಟಲು ಹೊರಟು, ನಡುವೆ ಬಂದು ಮನಸ್ಸು ಬದಲಿಸಿತು. ಡ್ರೈವರ್ ಬ್ರೇಕ್ ಒತ್ತಿದ, ಲಾರಿ ಚರಂಡಿಗೆ ವಾಲಿತು, ಹಮಾಲ ಕೆಳಗೆ ಬಿದ್ದ. ಕನ್ನಡಿಗೆ ಗೀರೂ ಇಲ್ಲ. ಅವನ ಕಾಲು ಎರಡು ಕಡೆ ಮುರಿದಿತ್ತು.

ಆಸ್ಪತ್ರೆಗೆ ಬಂದ ಪೊಲೀಸರೆದುರು ಅವನು ಇನ್ನೊಂದು ಅನಾಹುತ ಮಾಡಿಕೊಂಡ. ಡ್ರೈವರ್ ಅವನ ಊರಿನವನು. ಕೆಲಸದ ಮೇಲೆ ಬಿದ್ದೆ ಎಂದರೆ ಆ ಬಡವನ ನೌಕರಿ ಹೋದೀತೆಂದು, ತಾನು ಸುಮ್ಮನೆ ಹತ್ತಿ ಬಂದವನು, ದೊಡ್ಡ ಮನಸ್ಸಿನಿಂದ ಕೂರಿಸಿಕೊಂಡಿದ್ದರು ಎಂದು ಬರೆಸಿ ಹೆಬ್ಬೆಟ್ಟು ಒತ್ತಿದ. ವಿಮೆಯವರಿಗೆ ಅಷ್ಟೇ ಬೇಕಿತ್ತು. ಸರಕಿನ ಲಾರಿಯಲ್ಲಿ ಕೆಲಸದ ಮೇಲಿದ್ದ ಹಮಾಲನಿಗೆ ಪರಿಹಾರವುಂಟು, ಪುಕ್ಕಟೆ ಪ್ರಯಾಣಿಕನಿಗಿಲ್ಲ ಎಂದರು.

ಅವನ ಹೆಂಡತಿ ನಮ್ಮ ಬಾಗಿಲಲ್ಲಿ ಬಂದು ಕುಳಿತಳು. "ಕಾಲ್ ಮುರದೈತ್ರಿ ಅಕ್ಕಾರ, ಇವರ ದೊಡ್ಡಸ್ತಿಕಿ ಮಾತ್ರ ಮುರಿದಿಲ್ಲ. ನೀವ್ ಹಿಂದ ಇದ್ರಿ. ಕಂಡಿದ್ದು ಹೇಳ್ರಿ."

ಮಡಗಾಂವ್ ಕೋರ್ಟಿನಲ್ಲಿ ನಾನು ಸಾಕ್ಷಿ ಹೇಳಲು ನಿಂತೆ. ವಿಮೆಯ ವಕೀಲರು ಬಹಳ ಸಭ್ಯರು, ಕೋಟಿನ ಒಂದು ಗುಂಡಿ ಮಾತ್ರ ಬೇರೆ ಬಣ್ಣದ ದಾರದಲ್ಲಿತ್ತು. ಅವನು ಕನ್ನಡಿಯನ್ನು ಮಲಗಿಸಿ ತಾನೂ ಮಲಗಿರಬಹುದಲ್ಲ, ದಾರಿಯುದ್ದಕ್ಕೂ ಹಿಡಿದೇ ಇದ್ದನೆಂದು ತಮಗೆ ಹೇಗೆ ಗೊತ್ತು ಎಂದು ಇಂಗ್ಲಿಷಿನಲ್ಲಿ ಕೇಳಿದರು.

ಗೊತ್ತಿತ್ತು. ಹೇಳಲು ನಾಚಿಕೆ. ರೂಪದ ಮೋಹ ಪಾಪವೆಂದು ನನಗೆ ಹತ್ತು ವರ್ಷ ಕಲಿಸಿದ ಕಾನ್ವೆಂಟಿನಲ್ಲಿ ಬಚ್ಚಲಿಗೂ ಕನ್ನಡಿ ಇರಲಿಲ್ಲ. ಆದರೆ ಎದುರಿನ ಬೆಂಚಿನಲ್ಲಿ ಅವನು ಊರುಗೋಲು ಹಿಡಿದು ಕುಳಿತಿದ್ದ. ಹೇಳಿಯೇಬಿಟ್ಟೆ: ದಾರಿಯುದ್ದಕ್ಕೂ ನಾನು ಅದರಲ್ಲಿ ನನ್ನನ್ನೇ ನೋಡಿಕೊಳ್ಳುತ್ತಿದ್ದೆ. ಫೋಂಡಾದಲ್ಲಿ ಕುಂಕುಮ ತಿದ್ದಿಕೊಂಡೆ, ಪೆಟ್ರೋಲ್ ಪಂಪಿನ ಬಳಿ ಹಲ್ಲಿಗೆ ಸಿಕ್ಕಿದ್ದ ಕೊತ್ತಂಬರಿ ತೆಗೆದೆ. ತಿರುವುಗಳಲ್ಲಂತೂ ಅವನು ಕನ್ನಡಿಯನ್ನು ಅತ್ತಿತ್ತ ತಿರುಗಿಸುತ್ತಲೇ ಇದ್ದ.

ನ್ಯಾಯಾಧೀಶರು ಎಲ್ಲವನ್ನೂ ಟೈಪ್ ಮಾಡಿಸಿದರು, ಕೊತ್ತಂಬರಿಯನ್ನೂ. ಅಂದು ದಾರಿಯಲ್ಲಿ ನಾನು ಅಷ್ಟು ಮೌನವಾಗಿದ್ದದ್ದು ತಮ್ಮ ಡ್ರೈವಿಂಗ್ ಮೆಚ್ಚಿ ಎಂದು ನಂಬಿದ್ದ ಯಜಮಾನರು ಕಿಟಕಿಯ ಕಡೆ ತಿರುಗಿದರು.

ತೀರ್ಪು ತಡವಾಗಿಯಾದರೂ ಅವನ ಪರವಾಗಿ ಬಂತು. ಗಂಡಹೆಂಡಿರು ಶೇಂಗಾ ಹೋಳಿಗೆ ಕಟ್ಟಿಕೊಂಡು ಬಂದರು. ನನಗೆ ಮುಖ ಕಾಣಲೆಂದು ಅಷ್ಟು ತಿರುಗಿಸುತ್ತಿದ್ದೆಯಲ್ಲ ಎಂದು ನಾನು ಅಂದೆ. ಅವನು ಸಂಕೋಚದಿಂದ ಯಜಮಾನರನ್ನು ನೋಡಿದ.

"ಅದಕ್ಕಲ್ರಿ ಅಕ್ಕಾರ. ಕನ್ನಡ್ಯಾಗಿನ ಬಿಸಲ ಸಾಹೇಬರ ಕಣ್ಣಿಗೆ ಹೊಡ್ಯಾಕತ್ತಿತ್ತು. ಸ್ಕೂಟರ್ ಮೊದಲ ವಾಲ್ಯಾಡತಿತ್ತು."

"ಇಷ್ಟ್ ಕೆಲಸ ಮಾಡೇನಿ ಅಂತ ಪೊಲೀಸರಿಗೆ ಹೇಳಾಕ ಏನಾಗಿತ್ತು?" ಎಂದಳು ಹೆಂಡತಿ.

"ಹೆಂಗ ಹೇಳೂದು? ಸಾಹೇಬರಿಗೆ ಗಾಡಿ ಹೊಡ್ಯಾಕ ಬರೂದಿಲ್ಲ ಅಂದಂಗ ಆಗ್ತಿತ್ತಲ್ಲ."