ಬಿಳಿಯೊಳಗಿನ ಗಂಟು

ಬನಹಟ್ಟಿಯ ನಮ್ಮ ಶಾಲೆಗೆ ಹೊಸ ಖಾದಿ ಧ್ವಜ ತಂದಿದ್ದೆ. ಮರುದಿನ ಸ್ವಾತಂತ್ರ್ಯೋತ್ಸವ. ಜೀವಮಾನವಿಡೀ ಕೈಮಗ್ಗ ನಡೆಸಿದ ಪಕ್ಕದ ಮನೆಯ ಅಜ್ಜಿಗೆ ಅದನ್ನು ಹೆಮ್ಮೆಯಿಂದ ತೋರಿಸಿ, ಕೇಸರಿ ತ್ಯಾಗ, ಬಿಳಿ ಶಾಂತಿ ಎಂದು ತರಗತಿಯ ಪಾಠವನ್ನೇ ಒಪ್ಪಿಸತೊಡಗಿದೆ. ಅವರು ಕೇಳಿಸಿಕೊಳ್ಳಲೇ ಇಲ್ಲ. ನೇಕಾರರು ಯಾವ ಬಟ್ಟೆಯನ್ನೂ ಹಿಂಬದಿ ನೋಡದೆ ಒಪ್ಪುವುದಿಲ್ಲ. ಅಜ್ಜಿ ಧ್ವಜವನ್ನೂ ಮಗುಚಿ, ಬಿಳಿಯ ಮೇಲೆ ಆಡಿಸುತ್ತಿದ್ದ ಬೆರಳನ್ನು ಚಕ್ರದ ಪಕ್ಕ ನಿಲ್ಲಿಸಿದರು.

"ಇಲ್ಲೆ ಎಳಿ ಹರದಿತ್ರಿ ಸರ. ಗಂಟ ಹಾಕಿ ಕೂಡಸ್ಯಾರ."

ನನಗೆ ಅಂಗಡಿಯವನ ಮೇಲೆ ಸಿಟ್ಟು ಬಂತು. "ಹಂಗಾರ ಬದಲಿ ಮಾಡಿಸಿ ತರ್ಲೇನ್ರಿ ಆಯಿ?"

"ಯಾಕ್ರಿ? ಹರೀಲಾರದ ಎಳಿ ಯಾವ ಮಗ್ಗದಾಗ ಐತಿ? ಕೂಡಿಸಿದ ಕೈ ಛಲೋ ಐತಿ" ಎಂದು ಆ ಗಂಟನ್ನು ಕಣ್ಣಿಗೊತ್ತಿಕೊಂಡರು.

ಮರುದಿನ ಜೋರು ಗಾಳಿಯಲ್ಲಿ ಧ್ವಜ ಹಾರಿತು. ಅಂಗಳದಲ್ಲಿ ನೂಲಿನ ವ್ಯಾಪಾರ ಮಾಡುವ ಜೈನರಿದ್ದರು, ಬುರ್ಖಾ ತೊಟ್ಟ ತಾಯಂದಿರಿದ್ದರು, ಹಿಪ್ಪರಗಿಯ ಕಬ್ಬಿನ ರೈತರಿದ್ದರು. ಯಾರ ಕಣ್ಣು ಯಾವ ಬಣ್ಣದ ಮೇಲಿತ್ತೋ, ನನ್ನದು ಮಾತ್ರ ಕಾಣದ ಆ ಗಂಟನ್ನೇ ಹುಡುಕುತ್ತಿತ್ತು.

ಗೇಟಿನ ಬಳಿ ಅಜ್ಜಿಯೂ ಕತ್ತೆತ್ತಿ ನಿಂತಿದ್ದರು. ಹತ್ತಿರ ಹೋದಾಗ, ಧ್ವಜದಿಂದ ಕಣ್ಣು ಕೀಳದೆಯೇ ಮೆಲ್ಲಗೆ ಹೇಳಿದರು:

"ಗಂಟ ಬಿಚ್ಚಿಲ್ರಿ ಸರ."